ತಲೆಕೆಳಗಾದ ಬೇರು

ಬೇರುಗಳು ಆಕಾಶದ ಕಡೆಗೆ ಬೆಳೆದಿದ್ದವು. ರೈಸ್‌ವೈಕ್ ಪಟ್ಟಣದ ಉಗ್ರಾಣದಲ್ಲಿ, ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ಕಂಬದ ಮೇಲೆ ಭೂವಿಜ್ಞಾನಿ ತಲತ್ ಬಗ್ಗಿದ್ದಳು. ಕಲ್ಲಿನೊಳಗೆ ಅಚ್ಚೊತ್ತಿದ್ದ, ಮೂವತ್ತು ಕೋಟಿ ವರ್ಷದ ಹಿಂದಿನ ಕಾಡು ಅದು; ಅದರ ಬೇರು ಕಲ್ಲಿದ್ದಲ ಪದರದ ಕೆಳಗಿರಬೇಕು. ಇಲ್ಲಿ ಮೇಲಿತ್ತು. ಕಂಬವನ್ನು ಪೆಟ್ಟಿಗೆಯಲ್ಲಿ ತಲೆಕೆಳಗಾಗಿಟ್ಟು, ಇದೇ ಮೇಲ್ತುದಿಯೆಂದು ಸೀಮೆಸುಣ್ಣದ ಬಾಣ ಎಳೆದವಳು ಅವಳೇ. ಕಲ್ಲಿದ್ದಲು ಇರುವುದಕ್ಕಿಂತ ಮೂರು ಮೀಟರ್ ಹೆಚ್ಚು ಆಳದಲ್ಲಿದೆಯೆಂದು, ವರದಿ ಬರೆಯುವ ಮೊದಲೇ, ಅವಸರದಲ್ಲಿ ಫೋನಿನಲ್ಲಿ ಹೇಳಿದವಳೂ ಅವಳೇ.

ಆ ಮಾತು ನಂಬಿ ಎನ್ಸ್‌ಕೆಡೆ ಊರಿನ ಹೊರಗೆ, ಈ ಕಂಬ ತೆಗೆದ ಬಾವಿಯ ಪಕ್ಕದಲ್ಲೇ ಇನ್ನೊಂದನ್ನು ಕೊರೆಸುತ್ತಿದ್ದ ಗೆಳೆಯ ಚಿರಂತನ ಈಗ ಫೋನಿನಲ್ಲಿ ಬಿಕ್ಕುತ್ತಿದ್ದ.

"ಇದ್ದಲು ಇನ್ನೂ ಕೆಳಗಿದೆ ಅಂತ ಸ್ಪೀಡ್ ಕಮ್ಮಿ ಮಾಡಿಸ್ಲಿಲ್ಲ ಕಣೇ. ಇದ್ದಲಿಗೆ ತಗಲಿ ಗ್ಯಾಸ್ ನುಗ್ಗಿಬಿಡ್ತು. ನಮ್ಮ ಡ್ರಿಲ್ಲರ್ ಯೂಸ್ಟ್ ಹೋಗ್ಬಿಟ್ಟ. ನಾನೇ ಡೆಪ್ತ್ ತಪ್ಪು ಬರ್ಕೊಂಡ್ನಾ? ನಾಳೆ ಇನ್‌ಸ್ಪೆಕ್ಟರ್ ಬರ್ತಾರೆ. ಪ್ಲೀಸ್, ಒಂದ್ಸಲ ಪೆಟ್ಟಿಗೆ ನೋಡಿ ಹೇಳೇ."

ತಲತ್ ಹೆಬ್ಬೆರಳಿಗೆ ಎಂಜಲು ಹಚ್ಚಿ ಬಾಣವನ್ನು ಉಜ್ಜಿ ಅಳಿಸಿದಳು. ಒದ್ದೆಯಾದ ಕಲ್ಲಿನಲ್ಲಿ ಬೇರು ಇನ್ನಷ್ಟು ಕಪ್ಪಗೆ ಎದ್ದು ಕಂಡಿತು. ಸೀಮೆಸುಣ್ಣ ತೆಗೆದುಕೊಂಡು ಇನ್ನೊಂದು ತುದಿಯಲ್ಲಿ ಹೊಸ ಬಾಣ ಎಳೆದಳು, ನಿಧಾನವಾಗಿ, ನೆಟ್ಟಗೆ.

"ನೋಡ್ದೆ," ಎಂದಳು. "ಇಲ್ಲೆಲ್ಲಾ ಸರಿಯಾಗೇ ಇದೆ ಕಣೋ."