ಮಂಜಯ್ಯನ ಸತ್ತ ಕೋವಿ

"ಕೋವಿ ತನ್ನಿ" ಎಂದ ಹೆಡ್ ಕಾನ್ಸ್‌ಟೇಬಲ್ ಕೆರಿಯಪ್ಪನ ಕೈಗೆ ಸರೋಜಮ್ಮ ಅಡುಗೆಮನೆಯಿಂದ ಊದುಕೊಳವೆ ತಂದು ಕೊಟ್ಟಳು. ಅರ್ಧ ತುಕ್ಕು, ಅರ್ಧ ಮಸಿ.

"ಎಂತ ಇದು?"

"ಅದೇ ಸಾರ್ ಕೋವಿ," ಎಂದ ಅವಳ ಗಂಡ ಮಂಜಯ್ಯ. "ಹಿಡಿ ಗೆದ್ದಲು ತಿಂತು, ಟ್ರಿಗರ್ ಉದುರಿಹೋಯ್ತು. ಉಳಿದ ನಳಿಗೆಯಲ್ಲಿ ಇವಳು ಒಲೆ ಊದ್ತಾಳೆ. ಹಾಳಾಗಿದೆ ಅಂತ ಬರೆದುಬಿಡಿ, ಲೈಸೆನ್ಸ್ ರದ್ದಾಗ್ಲಿ."

ಚುನಾವಣೆ ಬಂತೆಂದರೆ ಬೆಳೆ ಕಾಯುವ ಕೋವಿಗಳೆಲ್ಲ ಠಾಣೆ ಸೇರಬೇಕು, ಸೇರದಿದ್ದರೆ ಕೇಸು. ಕಳೆದ ಸಲ ಮಂಜಯ್ಯ ಇದನ್ನೇ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಹೋಗಿದ್ದ. "ಕೊಳವೆ ತಂದು ತಮಾಷೆ ಮಾಡ್ತೀರಾ?" ಎಂದು ಗದರಿ ಕಳಿಸಿದ್ದರು. ಒಯ್ದಾಗ ಕೊಳವೆಯಾಗಿದ್ದದ್ದು ಈ ಸಲ ಒಯ್ಯದಿದ್ದಾಗ ಕೋವಿಯಾಯಿತು, ಮನೆಗೆ ನೋಟಿಸು ಬಂತು. ಕೋರ್ಟಿನ ಬಾಗಿಲು ಕಾಣದೆ ಎಪ್ಪತ್ತು ದಾಟಿದ ಮನುಷ್ಯ. ಒಲೆ ಊದುವ ಕಬ್ಬಿಣದ ದೆಸೆಯಿಂದ ಕಟಕಟೆ ಹತ್ತಬೇಕಲ್ಲ ಎಂದು ಅವನಿಗೆ ನಿದ್ದೆಯೇ ಇಲ್ಲ.

ಕೆರಿಯಪ್ಪ ಮಹಜರು ಬರೆಯಲು ಕೂತ. "ಹಾಳಾಗಿದೆ ಅನ್ನೋಕೆ ಸಾಕ್ಷಿ?"

"ನಾನಿಲ್ವಾ? ದಿನಾ ಊದೋಳು ನಾನೇ," ಎಂದಳು ಸರೋಜಮ್ಮ.

"ಮನೆಯವರದ್ದು ನಡಿಯಲ್ಲಮ್ಮ. ನಿಮ್ಮ ದಾಕ್ಷಿಣ್ಯ ಇಲ್ಲದ ಹೊರಗಿನವರು ಬೇಕು."

ನಳಿಗೆಯ ತೂತು ಆಚೆ ತನಕ ಇದೆಯೋ ನೋಡೋಣವೆಂದು ಅವನು ಅಂಗಳಕ್ಕಿಳಿದು, ಕೊಳವೆಯನ್ನು ಕಣ್ಣಿಗೆ ಹಿಡಿದು ಆಕಾಶದ ಕಡೆ ಎತ್ತಿದ. ಪಪ್ಪಾಯಿ ಮರದಲ್ಲಿದ್ದ ಮಂಗಗಳು ಕಿರ್ರನೆ ಕಿರುಚಿ, ಒಂದರ ಮೇಲೊಂದು ಬಿದ್ದು ಕಾಡಿಗೆ ಓಡಿದವು. ಅರ್ಧ ತಿಂದ ಹಣ್ಣೊಂದು ಮಂಜಯ್ಯನ ಕಾಲ ಬಳಿ ಬಿತ್ತು.

ಕೆರಿಯಪ್ಪ ನಿಧಾನಕ್ಕೆ ಕೊಳವೆ ಇಳಿಸಿದ. "ಹಾಳಾಗಿದೆ ಅಂದ್ರಲ್ಲ ಮಂಜಯ್ಯ?"

"ಅಯ್ಯೋ ಸಾರ್, ಅವು ಮಂಗ! ಅವಕ್ಕೆಂತ ಗೊತ್ತು?"

"ಜೀವಭಯ ಇರೋದು ಅವಕ್ಕೆ. ಅವಕ್ಕೆ ಗೊತ್ತಿಲ್ದೆ ನಿಮಗೆ ಗೊತ್ತಾ? ಅವೇನು ನಿಮ್ಮ ನೆಂಟರಾ, ಸುಳ್ಳು ಹೇಳೋಕೆ?"

'ಪರೀಕ್ಷಿಸಲಾಗಿ ಕೋವಿ ಸುಸ್ಥಿತಿಯಲ್ಲಿದೆ' ಎಂದು ಬರೆದು, ಕೊಳವೆಗೆ ಚೀಟಿ ಕಟ್ಟಿ, ರಶೀದಿ ಕೊಟ್ಟು ಜೀಪು ಹತ್ತಿದ. "ರಿಸಲ್ಟ್ ಆದ್ಮೇಲೆ ಬಂದು ಬಿಡಿಸ್ಕೊಂಡು ಹೋಗಿ. ಮನೇಲಿ ಜೋಪಾನ, ಮಕ್ಕಳ ಕೈಗೆ ಕೊಡಬೇಡಿ."

ಕೇಸು ತಪ್ಪಿತು, ಕೋವಿ ಮಾತ್ರ ಸಾಯಲಿಲ್ಲ. ಮಂಜಯ್ಯ ಜಗುಲಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತ. ಜೀಪು ಕಣ್ಮರೆಯಾಗುವ ಮೊದಲೇ ಮಂಗಗಳು ಪಪ್ಪಾಯಿ ಮರಕ್ಕೆ ಮರಳಿದ್ದವು.

ಒಳಗೆ ರಶೀದಿಯನ್ನೇ ಸುರುಳಿ ಸುತ್ತಿ ಒಲೆ ಊದುತ್ತಿದ್ದ ಸರೋಜಮ್ಮ ಗಲಾಟೆ ಕೇಳಿ ಹೊರಗೆ ಬಂದಳು. ಸಿಟ್ಟಿನಲ್ಲಿ ಆ ಸುರುಳಿಯನ್ನೇ ಮಂಗಗಳತ್ತ ಎತ್ತಿದಳು. ಒಂದೇ ಏಟಿಗೆ ಮರ ಖಾಲಿ.

ಮಂಜಯ್ಯ ಎದ್ದು ನಿಂತು ರಸ್ತೆಯ ಕಡೆ ನೋಡಿದ. "ಇಳ್ಸೇ," ಎಂದ ದನಿ ತಗ್ಗಿಸಿ, "ಮೊದ್ಲು ಅದನ್ನ ಕೆಳಗಿಳ್ಸು!"