ಓದಿ ಹೇಳಿದ ಹೆಸರು

ಮುದುಕಿ ದೇವಮಣಿಯ ಬೆರಳುಗಳು ಸಮಾಧಿಯ ಕಲ್ಲಿನ ಮೇಲೆ ತಂದೆಯ ಹೆಸರನ್ನು ಹುಡುಕುತ್ತಿದ್ದವು. ದೃಷ್ಟಿ ಹೋದ ಮೇಲೆ ಆಕೆ ಆ ಅಕ್ಷರಗಳನ್ನು ಮುಟ್ಟಿಯೇ ಓದುತ್ತಿದ್ದಳು. ಪಕ್ಕದಲ್ಲಿ ಬ್ಯಾಂಕ್ ಅಧಿಕಾರಿ ಪ್ರಮೋದ ನಿಂತಿದ್ದ. ಭೀಮುನಿಪಟ್ಟಣದ ಹಳೆಯ ಜಾಗಗಳನ್ನು ಸುತ್ತಿ ತೋರಿಸುವ ಪರಂಪರೆ ನಡಿಗೆಗೆಂದು ಗೆಳೆಯರನ್ನು ಕಲೆಹಾಕಿ, ಹಳೆಯ ಸಮಾಧಿಗಳನ್ನೆಲ್ಲ ಆಸಿಡ್ ಹಾಕಿ ಉಜ್ಜಿಸಿದವನು ಅವನೇ. ಫೋಟೊದಲ್ಲಿ ಕಲ್ಲು ಹೊಳೆಯಲಿ ಎಂದುಕೊಂಡಿದ್ದ. ಕೊಳೆಯ ಜೊತೆಗೆ ಸವೆದ ಅಕ್ಷರಗಳೂ ಹೋಗಿಬಿಟ್ಟಿದ್ದವು.

“ಬೆರಳಿಗೂ ವಯಸ್ಸಾಯ್ತು ಬಾಬೂ, ಏನೂ ತಿಳೀತಿಲ್ಲ,” ಎಂದಳು ಆಕೆ. “ನಮ್ಮಪ್ಪನ ಹೆಸರು ಏಸುದಾಸು ಅಂತ. ಸ್ವಲ್ಪ ಓದಿ ಹೇಳ್ತೀರಾ?”

ಪ್ರಮೋದ ಬೋಳು ಕಲ್ಲನ್ನೇ ನೋಡುತ್ತ, ಒಂದೊಂದೇ ಅಕ್ಷರ ಬಿಡಿಸಿ ಓದುವವನಂತೆ, “ಏಸುದಾಸು” ಎಂದ.

“ನೀವಾದ್ರೂ ಅಪ್ಪನ ಹೆಸರು ಉಳಿಸಿದ್ರಿ ಬಾಬೂ,” ಎಂದು ದೇವಮಣಿ ಅವನ ಕೈಗಳನ್ನು ಕಣ್ಣಿಗೊತ್ತಿಕೊಂಡಳು.