ಮುತ್ತಜ್ಜಿಯ ಬೀಸುವ ಕಲ್ಲು

ಬೀಸುವ ಕಲ್ಲುಗಳು ತಮ್ಮ ಮುಂದೆ ಹಾಡಿದ್ದನ್ನೂ ಆಡಿದ್ದನ್ನೂ ಹಿಡಿದಿಟ್ಟುಕೊಳ್ಳುತ್ತವೆಂಬುದು ಈಗ ಊರಿಗೆಲ್ಲ ಗೊತ್ತಿದ್ದ ಸಂಗತಿ. ಸಂತೆಯ ದಿನ ದುರಗಪ್ಪನ ಅಂಗಡಿಯೆದುರು ಹೆಂಗಸರು ಕಲ್ಲು ಹೊತ್ತು ತಂದು ಸಾಲಾಗಿ ಕೂರುತ್ತಿದ್ದರು. ಅವನು ಕಲ್ಲಿಗೆ ತಂತಿ ಸುತ್ತಿ, "ಬೀಸ್ರಿ ಯವ್ವಾ" ಅನ್ನುತ್ತಿದ್ದ. ಬೀಸಿದರೆ ಸತ್ತವರ ದನಿ ಬರುತ್ತಿತ್ತು.

ಫಕೀರವ್ವ ಬಂದದ್ದು ಮುತ್ತಜ್ಜಿಯ ಹೆಸರಿಗಾಗಿ. ಮನೆತನದ ವಂಶಾವಳಿ ಹೇಳುವ ಹೆಳವ ಎತ್ತಿನ ಮೇಲೆ ಕೂತು ಏಳು ತಲೆಮಾರಿನ ಗಂಡಸರನ್ನು ಒಂದೇ ಉಸಿರಿಗೆ ಹೇಳಿದ್ದ. ಮುತ್ತಜ್ಜಿಯ ಸರದಿ ಬಂದಾಗ "ಅವನ ಹೇಂತಿ" ಎಂದಷ್ಟೇ ಅಂದು ಮುಂದೆ ಹೋಗಿದ್ದ. ಮುತ್ತಜ್ಜಿ ಬೀಸುತ್ತ ಹಾಡಿದ ಪದದಲ್ಲಾದರೂ ಹೆಸರು ಸಿಕ್ಕೀತೆಂದು ಫಕೀರವ್ವ ಆಕೆಯ ಕಲ್ಲನ್ನು ಹೊತ್ತು ತಂದಿದ್ದಳು.

ಕಲ್ಲು ತಿರುಗಿತು. ಹಾಡು ಬರಲಿಲ್ಲ. ಟಕ್ ಟಕ್ ಎಂಬ ಉಳಿಯ ಸಪ್ಪಳ ಬಂತು.

"ಯವ್ವಾ, ಈ ಕಲ್ಲು ಯಾವಾಗ ಕಟಿಸೀರಿ?" ದುರಗಪ್ಪ ಮೆಲ್ಲಗೆ ಕೇಳಿದ.

"ಮೊನ್ನೆ. ಭಾಳ ಸವದಿತ್ತು. ಆಕಿ ಪದಾ ಚೊಲೋ ಕೇಳ್ಲಿ ಅಂತ..."

ಸವೆದ ಕಲ್ಲನ್ನು ಉಳಿಯಿಂದ ಕಟೆಸಿ ತರಿ ಮಾಡಿಸದೆ ಬೀಸಬಾರದೆಂದು ಅವಳ ಅವ್ವ ಕಲಿಸಿದ್ದಳು. ದನಿಯೆಲ್ಲ ಇರುವುದು ಕಲ್ಲಿನ ಮೇಲ್ಪದರದಲ್ಲಿ ಎಂದು ಯಾರೂ ಹೇಳಿರಲಿಲ್ಲ. ಕಲ್ಲುಕುಟಿಗನ ಅಂಗಳದಲ್ಲಿ ಉದುರಿದ ಆ ಪುಡಿಯನ್ನು ಅವಳೇ ಸೆರಗಿನಿಂದ ಒರೆಸಿ ಕೊಡವಿದ್ದಳು.

"ಸಾಕು ಬಿಡ್ರಿ," ಎಂದ ದುರಗಪ್ಪ.

ಫಕೀರವ್ವ ಬಿಡಲಿಲ್ಲ, ಬೀಸುತ್ತಲೇ ಇದ್ದಳು. ಸಪ್ಪಳದ ನಡುವೆ ಒಬ್ಬ ಹೆಂಗಸಿನ ದನಿ ಎದ್ದಿತು. ಅವಳು ಕಲ್ಲಿಗೆ ಕಿವಿಗೊಟ್ಟಳು.

"ಹಗೂರ್ಕ ಹೊಡಿಯಪ್ಪಾ," ಎನ್ನುತ್ತಿತ್ತು ದನಿ, "ನಮ್ಮ ಮುತ್ತಜ್ಜೀದು ಐತಿ."

ಅದು ಫಕೀರವ್ವನದೇ ದನಿ.